ಓವನ್ನಿನ ಬಾಗಿಲಿನ ಚೀಟಿ

ಆ ಮನೆಯ ಓವನ್ನಿನಲ್ಲಿ ಬ್ರೆಡ್ಡು ಬೇಯುವುದು ನಿಂತು ಪ್ಲಾಸ್ಟಿಕ್ ಕಾಳು ಒಣಗುವುದು ಶುರುವಾಗಿ ಒಂಬತ್ತು ದಿನವಾಗಿತ್ತು. ಒಂಬತ್ತನೆಯ ಬೆಳಿಗ್ಗೆಯೂ ತಟ್ಟೆಗೆ ಬೇಯಿಸಿದ ಆಲೂಗಡ್ಡೆಯೇ ಬಿದ್ದಾಗ ಅಪ್ಪ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದ. ಆ ಕಡೆಯಿಂದಲೂ ಅದು ಆಲೂಗಡ್ಡೆಯೇ ಆಗಿತ್ತು.

"ಬ್ರೆಡ್ಡಿಲ್ವೇನೇ?"

"ಇದೆಯಲ್ಲ, ಅಂಗಡೀಲಿ" ಎಂದಳು ಅಮ್ಮ.

"ನಾನು ಕೇಳಿದ್ದು ನಿನ್ನ ಬ್ರೆಡ್ಡು."

"ನನ್ನ ಓವನ್ ಏನಾಯ್ತು ಅಂತ ನಿಮ್ಮ ಮಗಳನ್ನ ಕೇಳಿ."

ಮಗಳು ಆಗಲೇ ಕೆಲಸಕ್ಕೆ ಹೊರಡುವ ಬಟ್ಟೆ ಹಾಕಿಕೊಂಡು ನಿಂತೇ ತಿನ್ನುತ್ತಿದ್ದಳು. "ನನ್ನನ್ನ ಯಾಕಪ್ಪಾ ಹಾಗೆ ನೋಡ್ತೀರಿ? ಕಾಳು ಒಣಗದಿದ್ರೆ ನೀವು ಅಚ್ಚಲ್ಲಿ ತೆಗೆಯೋ ಬಟ್ಟಲಿನ ತುಂಬ ಗುಳ್ಳೆ ಏಳುತ್ತೆ. ಮೊದಲನೇ ದಿನ ನೀವೇ ನೋಡಿದ್ರಲ್ಲ, ಕೈಯಲ್ಲಿ ಹಿಡಿದ್ರೆ ಪುಡಿಪುಡಿ."

"ಇಪ್ಪತ್ತಾರು ವರ್ಷದಿಂದ ಪ್ಲಾಸ್ಟಿಕ್ ಕರಗಿಸ್ತಾ ಇದ್ದೀನಿ. ಒಂದು ದಿನ ಬಿಸಿಲಿಗೆ ಹರಡಿದ್ದಿಲ್ಲ. ಇದಕ್ಕೆ ನೋಡು, ಬಾಣಂತಿ ಆರೈಕೆ ಆಗ್ಬೇಕು."

"ಅದು ಎಣ್ಣೆಯಿಂದ ಮಾಡಿದ್ದು, ನೀರನ್ನ ಹತ್ತಿರ ಸೇರಿಸಲ್ಲ. ಇದು ಮೆಕ್ಕೆಜೋಳದ ಸಕ್ಕರೆಯಿಂದ ಮಾಡಿದ್ದು. ಗಾಳೀಲಿರೋ ತೇವಾನೂ ಬಿಡದೆ ಕುಡಿಯುತ್ತೆ."

ಕಿಟಕಿಯ ಹತ್ತಿರದ ಸ್ಟೂಲಿನಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಾ ಹೇಳಿದಳು: "ಜೋಳದ್ದೇ ಆದ್ರೆ ಆ ಕಾಳನ್ನೇ ಬಡಿಸ್ಬಿಡೇ ಪುಟ್ಟೀ. ಇದಕ್ಕಿಂತ ವಾಸಿ."

ಅಮ್ಮನೊಬ್ಬಳು ನಗಲಿಲ್ಲ. ಹನ್ನೊಂದು ಮನೆಗೆ ಮತ್ತು ತಿರುವಿನ ಟೀ ಅಂಗಡಿಗೆ ದಿನಾ ಬ್ರೆಡ್ಡು, ಬನ್ನು ಮಾಡಿ ಕೊಡುತ್ತಿದ್ದವಳು ಅವಳು. ಬೀದಿಯವರಿಗೆಲ್ಲ ಅವಳು ಬ್ರೆಡ್ಡಮ್ಮ. ಈಗ ಬ್ರೆಡ್ಡಿಲ್ಲದ ಬ್ರೆಡ್ಡಮ್ಮನಾಗಿ ಒಂಬತ್ತು ದಿನದಿಂದ ಅಡುಗೆಮನೆಯಲ್ಲಿ ಕೈಕಟ್ಟಿ ನಿಂತಿದ್ದಳು. ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ಆಗಲೇ ಬೇರೆಯವರ ಹತ್ತಿರ ಕೊಳ್ಳತೊಡಗಿದ್ದರು.

ಓವನ್ನಿನ ಬಾಗಿಲಿಗೆ ಮಗಳು ಒಂದು ಚೀಟಿ ಅಂಟಿಸಿದ್ದಳು. ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಚೀಟಿ ಬರೆಯುವ ಚಟ ತಾನಾಗಿ ಬರುತ್ತದೆ. "ಕಾಳು ಬಿಟ್ಟು ಬೇರೇನೂ ಇಡಬಾರದು. ಎಂಬತ್ತು ಡಿಗ್ರಿ. ನಾಲ್ಕು ಗಂಟೆ. ಬಾಗಿಲು ತೆಗೆಯಬಾರದು." ಇಪ್ಪತ್ತು ವರ್ಷದಿಂದ ಆ ಬಾಗಿಲನ್ನು ತೆಗೆದು ಮುಚ್ಚಿದವಳು ಅಮ್ಮ. ಅದನ್ನು ಓದಿ ಅವಳು ಚೀಟಿಯ ಸುತ್ತಲಿನ ಗಾಜನ್ನು ಒರೆಸಿದಳು.

ಇಷ್ಟಕ್ಕೆಲ್ಲ ಕಾರಣ ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಮಷೀನು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಕ್ಕೆ ಒತ್ತಿ ತುಂಬುವ ಹಸಿರು ಬಣ್ಣದ ಹಳೆಯ ಮಷೀನು. ಅದರಲ್ಲಿ ಅಪ್ಪ ಬಾಟಲಿ ಮುಚ್ಚಳ, ಸೋಪಿನ ಡಬ್ಬಿ, ಬಾಚಣಿಗೆ ಎಲ್ಲ ಮಾಡಿದ್ದ. ಅಚ್ಚುಗಳನ್ನೂ ತಾನೇ ಕಡೆದಿದ್ದ. ಆದರೆ ದೊಡ್ಡ ಕಾರ್ಖಾನೆಗಳು ಒಂದೇ ಏಟಿಗೆ ಅರವತ್ತು ಮುಚ್ಚಳ ಉದುರಿಸತೊಡಗಿದ ಮೇಲೆ, ನಾಲ್ಕು ಮುಚ್ಚಳದ ಮೇಸ್ತ್ರಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಗುಜರಿಯವನು ಬಂದು ಮಷೀನಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ತೂಕ ಬರೆದು ಹೋಗಿದ್ದ. ಇನ್ನೆರಡು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ಮಷೀನು ಅವನ ಪಾಲು, ಅಪ್ಪ ದೊಡ್ಡ ಕಾರ್ಖಾನೆಯಲ್ಲಿ ಗುಂಡಿ ಒತ್ತುವವನು. ಐವತ್ತೆಂಟರ ವಯಸ್ಸಿನಲ್ಲಿ.

ಅಷ್ಟರಲ್ಲಿ ಮಗಳು ಸುದ್ದಿ ತಂದಳು. ಊರಿನ ದೊಡ್ಡ ಆಸ್ಪತ್ರೆ ವಾರ್ಡಿನ ಸಾಮಾನುಗಳನ್ನು ಇನ್ನು ಮುಂದೆ ಜೈವಿಕ ಪ್ಲಾಸ್ಟಿಕ್ಕಿನಲ್ಲೇ ಕೊಳ್ಳುತ್ತದಂತೆ. ಮಲಗಿದ ರೋಗಿಗೆ ಕುಡಿಸುವ ಮೂತಿ ಬಟ್ಟಲು ಬೇಕಂತೆ, ಒಂದು ಸಲ ಬಳಸಿ ಬಿಡುವಂಥದ್ದು. ದೊಡ್ಡವರು ಅಷ್ಟು ಸಣ್ಣ ಕೆಲಸ ಮುಟ್ಟುವುದಿಲ್ಲ. ಕಾಳು ಅವಳ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಮೊದಲು ಇನ್ನೂರು ಸ್ಯಾಂಪಲ್ ಕೊಡಬೇಕು. ಪಾಸಾದರೆ ಆರ್ಡರು.

ಆಸ್ಪತ್ರೆಯವರು ಎಷ್ಟು ನೀರು ಹಿಡಿಯಬೇಕೆಂದು ಹೇಳಿದ್ದರೇ ಹೊರತು ಬಟ್ಟಲಿನ ಆಕಾರ ಹೇಳಿರಲಿಲ್ಲ. ಅಪ್ಪ ಅಡುಗೆಮನೆಗೆ ಬಂದು, ಅಮ್ಮನ ಬನ್ನಿನ ತಗಡಿನ ಬಟ್ಟಲೊಂದನ್ನು ಎತ್ತಿ, ಒಳಗೆ ಹೊರಗೆ ಅಳೆದ.

"ಅದ್ಯಾಕ್ರೀ?"

"ನಿನ್ನ ಬನ್ನು ಇದರಿಂದ ಅಂಟದೆ ಕಳಚಿ ಬರುತ್ತೆ ತಾನೆ? ಇದೇ ಇಳಿಜಾರು ಕೊಟ್ರೆ ಬಟ್ಟಲೂ ಅಚ್ಚಿನಿಂದ ಕಳಚಿ ಬರುತ್ತೆ."

ಹೀಗೆ ಬನ್ನಿನ ಬಟ್ಟಲಿನ ಅಳತೆಗೇ ಉಕ್ಕಿನ ಅಚ್ಚು ತಯಾರಾಯಿತು. ಪಕ್ಕಕ್ಕೊಂದು ಗಿಳಿಯ ಕೊಕ್ಕಿನಂಥ ಮೂತಿ. ಬಟ್ಟಲುಗಳು ಗಾಜಿನ ಹಾಗೆ ತಿಳಿಯಾಗಿ ಬಂದವು. ಅಪ್ಪನಿಗೆ ಒಳಗೊಳಗೇ ಖುಷಿ, ಬಾಯಲ್ಲಿ ಮಾತ್ರ ಗೊಣಗಾಟ.

ಮೊದಲ ಬಟ್ಟಲನ್ನು ಅಜ್ಜಿಯ ಕೈಗಿಟ್ಟರು. ಅವಳ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಲೋಟದ ಟೀ ಅರ್ಧ ಬಾಯಿಗೆ, ಅರ್ಧ ಸೀರೆಗೆ.

"ನೀನೇ ಇಟ್ಕೋ ಅಜ್ಜಿ, ಚೆಲ್ಲಲ್ಲ" ಎಂದಳು ಮಗಳು.

"ನಾನೇನು ರೋಗೀನಾ?" ಎಂದು ಅಜ್ಜಿ ವಾಪಸು ಕೊಟ್ಟಳು. ಕೊಡುವಾಗಲೂ ಕೈ ನಡುಗಿತು. ಯಾರೂ ನೋಡದವರಂತೆ ಇದ್ದರು.

ಇನ್ನೂರು ಬಟ್ಟಲು ಮುಗಿದದ್ದು ಎರಡನೆಯ ವಾರದ ಕೊನೆಗೆ. ಸೋಮವಾರ ಅವನ್ನು ಆಸ್ಪತ್ರೆಯ ಉಗ್ರಾಣಕ್ಕೆ ಒಯ್ಯಬೇಕು. ಶುಕ್ರವಾರ ಅಮ್ಮ ಅವನ್ನೆಲ್ಲ ತಣ್ಣೀರಿನಲ್ಲಿ ತೊಳೆದು ಮೇಜಿನ ಮೇಲೆ ಬಟ್ಟೆ ಹಾಸಿ ಬೋರಲು ಹಾಕಿದಳು. ಮೋಡದ ದಿನ. ಕೊನೆಯ ಹನ್ನೆರಡಕ್ಕೆ ಮೇಜಿನ ಮೇಲೆ ಜಾಗ ಉಳಿದಿರಲಿಲ್ಲ. ಓವನ್ನಿನ ಕೆಳಗಿನ ತಟ್ಟೆಯಲ್ಲಿ ಕಾಳು ಒಣಗುತ್ತಿತ್ತು, ಮೇಲಿನ ತಟ್ಟೆ ಖಾಲಿ. ಅಮ್ಮ ಚೀಟಿಯನ್ನು ನೋಡಿದಳು. ಹೊರಗೆ ನೋಡಿದಳು. ಆಮೇಲೆ ಹನ್ನೆರಡು ಬನ್ನಿನ ಬಟ್ಟಲುಗಳನ್ನು ತಲೆಕೆಳಗಾಗಿ ಜೋಡಿಸಿ, ಅವುಗಳ ಮೇಲೆ ಹನ್ನೆರಡು ಮೂತಿ ಬಟ್ಟಲುಗಳನ್ನು ಟೋಪಿ ಹಾಕಿದಂತೆ ಹಾಕಿ ಒಳಗೆ ತಳ್ಳಿದಳು. ಹತ್ತು ನಿಮಿಷದ ಮಾತು ಅಂದುಕೊಂಡಿದ್ದಳು. ಅಷ್ಟರಲ್ಲಿ ಟೀ ಅಂಗಡಿಯವನು ಬಂದು ಬ್ರೆಡ್ಡು ಯಾವತ್ತಿನಿಂದ ಎಂದು ಬಾಗಿಲಲ್ಲಿ ನಿಂತ. ಅವನಿಗೆ ಸಮಾಧಾನ ಹೇಳಿ, ಬಟ್ಟೆ ಒಗೆದು, ಮಧ್ಯಾಹ್ನದ ಊಟ ಬಡಿಸಿ ನೆನಪಾಗುವ ಹೊತ್ತಿಗೆ ಮೂರು ಗಂಟೆ ದಾಟಿತ್ತು.

ತೆಗೆದು ನೋಡಿದರೆ ಬಟ್ಟಲುಗಳ ತಿಳಿ ಹೋಗಿ ಹಾಲಿನ ಬಣ್ಣ ಬಂದಿತ್ತು. ತಗಡಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ತಿರುಚಿ ತಿರುಚಿ ಕಳಚಬೇಕಾಯಿತು. ಮೂತಿಗಳು ಕೊಂಚ ಮುದುಡಿದ್ದವು.

ಹಾಳಾಯ್ತು, ಅಂದುಕೊಂಡಳು ಅಮ್ಮ. ಎಸೆಯಲು ಕೈ ಬರಲಿಲ್ಲ, ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಸೇರಿಸಿ, ಉಳಿದ ನೂರ ಎಂಬತ್ತೆಂಟನ್ನು ಮೇಲೆ ಜೋಡಿಸಿದಳು. ಇನ್ನೂರರಲ್ಲಿ ಹನ್ನೆರಡು ಯಾರ ಕಣ್ಣಿಗೆ ಬಿದ್ದೀತು?

ಭಾನುವಾರ ಬೆಳಿಗ್ಗೆ ಮಗಳು ಕಾರ್ಖಾನೆಗೆ ಹೋಗಿದ್ದಳು, ಅಪ್ಪ ಮಷೀನಿನ ಎಣ್ಣೆ ತರಲು ಪೇಟೆಗೆ, ಅಮ್ಮ ತರಕಾರಿಗೆ. ಮನೆಯಲ್ಲಿ ಅಜ್ಜಿ ಒಬ್ಬಳೇ. ಅಜ್ಜಿ ಅದೇ ಆಸ್ಪತ್ರೆಯ ಕುದಿಸುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಕತ್ತರಿ, ಚಿಮಟ, ಬಟ್ಟಲು, ಸೂಜಿ ಎಲ್ಲ ಅವಳ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಯಬೇಕು. ಆಮೇಲೆ ಅವಳು ಎತ್ತಿ ನೋಡಿ, "ಸರಿ, ಒಳಗೆ ಹೋಗಲಿ" ಎನ್ನಬೇಕು. ಆಗಲೇ ಅದು ವಾರ್ಡಿಗೆ. ನಿವೃತ್ತಿಯಾದ ಮೇಲೆ ಆ ಅಭ್ಯಾಸ ಮನೆಯ ಮೇಲೆ ತಿರುಗಿತ್ತು. ಮೊಮ್ಮಗಳ ಹಾಲಿನ ಬಾಟಲಿಯಿಂದ ಹಿಡಿದು ಹೊಸ ಚಮಚದವರೆಗೆ ಎಲ್ಲವೂ ಕುದಿದಿದ್ದವು. ಒಮ್ಮೆ ಅಮ್ಮನ ಕನ್ನಡಕವೂ ಕುದಿದಿತ್ತು.

ಆಸ್ಪತ್ರೆಗೆ ಹೋಗುವ ಬಟ್ಟಲು ಬರೀ ತಣ್ಣೀರಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿ ಕೂತಿದೆ! ಅಜ್ಜಿ ಬಟ್ಟೆ ಕುದಿಸುವ ದೊಡ್ಡ ಪಾತ್ರೆಯನ್ನು ಒಲೆಗಿಟ್ಟಳು. ಕಣ್ಣು ಮಂದ, ಆವಿ ದಟ್ಟ. ತಳದಲ್ಲಿದ್ದ ಕಾಗದದ ಸುತ್ತನ್ನೂ ಬಿಚ್ಚಿ, ಮೂರು ಕಂತಿನಲ್ಲಿ ಇನ್ನೂರನ್ನೂ ಕುದಿಸಿ, ಮುಚ್ಚಳ ಮುಚ್ಚಿ, ಬುಟ್ಟಿಗೆ ಬಸಿದಳು.

ಮೊದಲು ಬಂದವಳು ಮಗಳು. ಬುಟ್ಟಿ ನೋಡಿ ಬಾಗಿಲಲ್ಲೇ ನಿಂತಳು. ಬಟ್ಟಲುಗಳು ಮುದ್ದೆಯಾಗಿ, ಸೊಟ್ಟಗಾಗಿ, ಒಂದರೊಳಗೊಂದು ಹೊಕ್ಕು, ಬಿಳಿಚಿಕೊಂಡು ಬಿದ್ದಿದ್ದವು.

"ಅಜ್ಜೀ! ಏನು ಮಾಡಿದೆ!"

"ಕುದಿಸಿದೆ. ಇಪ್ಪತ್ತು ನಿಮಿಷ."

"ಯಾರು ಹೇಳಿದ್ರು ನಿನಗೆ? ಎರಡು ವಾರದ ಕೆಲಸ! ಅರವತ್ತು ಡಿಗ್ರಿ ದಾಟಿದ್ರೆ ಇದು ಮೆತ್ತಗಾಗುತ್ತೆ. ನಿನ್ನ ಕುದಿಸೋ ಹುಚ್ಚಿಗೆ ಕೊನೆಯೇ ಇಲ್ವಾ? ಕೈಲಾಗದಿದ್ರೆ ಒಂದು ಮೂಲೇಲಿ ಸುಮ್ಮನೆ ಕೂತ್ಕೊಳ್ಳೋಕೂ ಬರಲ್ವಾ?"

ಕೈಲಾಗದಿದ್ರೆ ಎಂಬ ಮಾತು ಹೊರಬಿದ್ದ ಮೇಲೆ ವಾಪಸು ಹೋಗುವಂತಿರಲಿಲ್ಲ. ಅಜ್ಜಿ ತನ್ನ ಕೈಗಳನ್ನು ನೋಡಿಕೊಂಡಳು. ಸೆರಗಿನಡಿಗೆ ಸೇರಿಸಿದಳು. ತರಕಾರಿ ಚೀಲ ಹಿಡಿದು ಆಗಷ್ಟೇ ಒಳಗೆ ಬಂದಿದ್ದ ಅಮ್ಮ ಎಲ್ಲವನ್ನೂ ಕೇಳಿದಳು. ಏನೋ ಹೇಳಹೊರಟು ಚೀಲ ಕೆಳಗಿಟ್ಟಳು, ಟೊಮೇಟೊ ಉರುಳಿದವು, ಅವನ್ನು ಆರಿಸತೊಡಗಿದಳು.

ಅಂದಿನಿಂದ ಅಜ್ಜಿ ಅಡುಗೆಮನೆಯ ಸ್ಟೂಲು ಬಿಟ್ಟು ತನ್ನ ಕೋಣೆ ಸೇರಿದಳು. ಊಟ ಅಲ್ಲಿಗೇ. ಟೀ ಬೇಡ. ಆಲೂಗಡ್ಡೆಯನ್ನೂ ಬೇರೆಯವರೇ ಸುಲಿಯಬೇಕಾಯಿತು.

ಮಗಳು ಆಸ್ಪತ್ರೆಗೆ ಫೋನು ಮಾಡಿ ಮೂರು ವಾರ ವಾಯಿದೆ ಪಡೆದಳು. ಮಂಗಳವಾರ ಸಂಜೆ ಊಟಕ್ಕೆ ಕೂತಾಗ ಲೆಕ್ಕಾಚಾರ ಹೇಳಿದಳು. "ಇನ್ನೂರು ಮತ್ತೆ ಮಾಡೋಣ. ಉಗ್ರಾಣದವರ ಪಟ್ಟೀಲಿ ಬಿಸಿ ಪರೀಕ್ಷೆ ಇಲ್ಲ. ತಣ್ಣೀರು ತುಂಬಿ ಸೋರುತ್ತಾ ನೋಡ್ತಾರೆ, ಅಷ್ಟೆ. ಪಾಸಾಗುತ್ತೆ."

ಅಪ್ಪ ತಟ್ಟೆಯಲ್ಲೇ ಕಣ್ಣು ನೆಟ್ಟಿದ್ದ. ಬೇಕಾಗಿದ್ದ ಮಾತೇ ಅದು, ಆದರೂ ಮನಸ್ಸು ಒಪ್ಪುತ್ತಿರಲಿಲ್ಲ.

ಒಳಗಿನ ಕೋಣೆಯಿಂದ ಅಜ್ಜಿಯ ದನಿ ಬಂತು, ಎರಡು ದಿನದಲ್ಲಿ ಮೊದಲ ಸಲ. "ವಾರ್ಡಲ್ಲಿ ಆ ಬಟ್ಟಲಿಗೆ ಬಿಸಿ ಸೂಪು ಹುಯ್ತಾರೆ. ಮಲಗಿದವರ ಎದೆ ಮೇಲೆ ಇಟ್ಟು ಕುಡಿಸ್ತಾರೆ."

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ, "ಕೊಡೋದು ಬೇಡ. ಸೊಟ್ಟ ಮಾಲು ನನ್ನ ಮಷೀನಿಂದ ಗೊತ್ತಿದ್ದೂ ಹೊರಗೆ ಹೋಗಿಲ್ಲ."

"ಹಾಗಾದ್ರೆ ಮಷೀನೇ ಹೊರಗೆ ಹೋಗುತ್ತೆ" ಎಂದಳು ಮಗಳು. ಹೇಳಿ ತಾನೇ ಮುಖ ತಿರುಗಿಸಿದಳು.

ಮಾರನೆಯ ದಿನ ಮುದ್ದೆಯಾದವನ್ನು ಚೀಲಕ್ಕೆ ತುಂಬುವಾಗ ಅಪ್ಪನಿಗೆ ಆಶ್ಚರ್ಯ ಕಾದಿತ್ತು. ಬುಟ್ಟಿಯ ತುಂಬ ಹುಡುಕಿದರೆ ಹನ್ನೆರಡು ಬಟ್ಟಲು ನೆಟ್ಟಗೆ ನಿಂತಿದ್ದವು. ಬಣ್ಣ ಉಳಿದವುಗಳ ಹಾಗೇ ಹಾಲಿನದು, ಆದರೆ ಕೊಂಚ ಮುದುಡಿದ ಮೂತಿ ಬಿಟ್ಟರೆ ಆಕಾರ ಕೆಟ್ಟಿರಲಿಲ್ಲ. ಮತ್ತೆ ಕುದಿಯುವ ನೀರು ಹುಯ್ದ. ಅಲುಗಲಿಲ್ಲ.

"ಬೆಳಗಿನ ಮೊದಲ ಹನ್ನೆರಡು ಏಟು ಇವು" ಎಂದು ಅಪ್ಪ ತೀರ್ಮಾನ ಕೊಟ್ಟ. "ಮಷೀನು ಆಗಿನ್ನೂ ತಣ್ಣಗಿರುತ್ತೆ. ಅದರ ಗುಣ ನನಗೆ ಗೊತ್ತು."

"ಮಷೀನಿಂದಲ್ಲ. ಎರಡನೇ ಚೀಲದ ಕಾಳು ಬೇರೆ ದಿನ ತಯಾರಾಗಿದ್ದು. ಇದು ಕಾಳಿನ ಗುಣ" ಎಂದಳು ಮಗಳು.

ಅಮ್ಮ ಸೌಟು ತಿರುವುತ್ತಾ ನಿಂತಿದ್ದಳು. ಕಾಗದದಲ್ಲಿ ಸುತ್ತಿಟ್ಟ ತನ್ನ ಹನ್ನೆರಡು ಅವು ಎಂದು ಅವಳಿಗೆ ಕಂಡ ಕೂಡಲೇ ತಿಳಿಯಿತು, ಮುದುಡಿದ ಮೂತಿಯೇ ಗುರುತು. ಆದರೆ ಹೇಳುವುದು ಹೇಗೆ? ಅಜ್ಜಿಗೆ ಬಿದ್ದ ಬೈಗುಳ ಇನ್ನೂ ಅಡುಗೆಮನೆಯಲ್ಲೇ ಇತ್ತು. ಇದರ ಜೊತೆ, ನಿಜ ಹೇಳಬೇಕೆಂದರೆ, ಅವಳಿಗೆ ಸಿಟ್ಟೂ ಇತ್ತು.

ಆ ಮೇಲಿನ ಎರಡು ವಾರ ಅಪ್ಪನೂ ಮಗಳೂ ಹಠಕ್ಕೆ ಬಿದ್ದರು. ಅಪ್ಪ ನಸುಕಿಗೇ ಎದ್ದು ತಣ್ಣಗಿನ ಮಷೀನಿನಲ್ಲಿ ಹನ್ನೆರಡು ಬಟ್ಟಲು ತೆಗೆದ. ಕುದಿಸಿದರೆ ಹನ್ನೆರಡೂ ಮುದ್ದೆ. ಮಗಳು ಎರಡನೆಯ ಚೀಲದ ಕಾಳನ್ನೇ ತುಂಬಿಸಿದಳು. ಅದೂ ಮುದ್ದೆ. ಅಪ್ಪ ಒತ್ತಡ ಹೆಚ್ಚಿಸಿದ, ಕಡಿಮೆ ಮಾಡಿದ, ಮಷೀನಿಗೆ ಕಿವಿ ಕೊಟ್ಟು ಕೇಳಿದ. ಮಗಳು ಕಾರ್ಖಾನೆಯ ಹಿರಿಯರಿಗೆ ಫೋನು ಮಾಡಿದಳು, ಪುಸ್ತಕ ತಂದಳು. ಊಟದ ಹೊತ್ತಿಗೆ ಮೇಜಿನ ನಡುವೆ ಸಾರಿನ ಪಾತ್ರೆ ಇರಬೇಕಾದ ಜಾಗದಲ್ಲಿ ಕುದಿಯುವ ನೀರಿನ ಪಾತ್ರೆ.

"ನಿಮ್ಮ ಮಷೀನಿಗೆ ವಯಸ್ಸಾಯ್ತು ಅಪ್ಪ."

"ನಿನ್ನ ಕಾಳಿಗೆ ಬುದ್ಧಿ ಇಲ್ಲ."

"ಎರಡು ದಿನದಿಂದ ಅದೇ ಮೊಟ್ಟೆ ತಿಂತಾ ಇದ್ದೀರಿ, ಉಪ್ಪು ಹಾಕಿಲ್ಲ ಅಂತ ಒಬ್ಬರಿಗಾದ್ರೂ ಗೊತ್ತಾಯ್ತಾ?" ಎಂದಳು ಅಮ್ಮ.

"ಹಾಂ?" ಎಂದರು ಇಬ್ಬರೂ.

ವಾಯಿದೆಗೆ ಆರು ದಿನ ಉಳಿದಿದ್ದಾಗ ಗುಜರಿಯವನು ಅಳತೆ ಪಟ್ಟಿ ಹಿಡಿದು ಬಂದ. ಮಷೀನು ಇಡಿಯಾಗಿ ಬಾಗಿಲಲ್ಲಿ ಹಿಡಿಯುತ್ತದೋ, ಎರಡು ತುಂಡು ಮಾಡಬೇಕೋ ನೋಡಬೇಕಿತ್ತು.

"ತುಂಡೇ ಮಾಡ್ಬೇಕು ಮೇಸ್ತ್ರಿ" ಎಂದ ಅವನು, ಬೇಜಾರಿನಿಂದಲೇ. ಅವನು ಕೆಟ್ಟವನಲ್ಲ. "ಇಲ್ಲಿ, ಈ ನಡುವಿಗೆ ಕೊಯ್ದರೆ ಹೋಗುತ್ತೆ."

ಕೊಯ್ಯಬೇಕಾದ ಜಾಗವನ್ನು ಅವನು ಬೆರಳಲ್ಲಿ ತೋರಿಸಿದಾಗ ಅಪ್ಪ ಅದೇ ಜಾಗವನ್ನು ಎಣ್ಣೆ ಬಟ್ಟೆಯಿಂದ ಒರೆಸತೊಡಗಿದ. ಒರೆಸುತ್ತಲೇ ಇದ್ದ. ಟೀ ತಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನು ನೋಡಿದಳು. ಗಂಡ ಅಳುವುದನ್ನು ಅವಳು ಮದುವೆಯಾದ ಮೇಲೆ ಒಂದೇ ಸಲ ನೋಡಿದ್ದಳು. ಇದು ಎರಡನೆಯದಾಗುವುದರಲ್ಲಿತ್ತು. ಅವಳು ಟೀ ಅಲ್ಲೇ ಇಟ್ಟು ಒಳಗೆ ಬಂದುಬಿಟ್ಟಳು.

ಅವತ್ತು ಮಧ್ಯಾಹ್ನ ಊಟಕ್ಕೆ ಅವಳು ಅಜ್ಜಿಯನ್ನು ಕೈಹಿಡಿದು ಕರೆತಂದು ಮೇಜಿನ ಹತ್ತಿರ ಕೂರಿಸಿದಳು. ಎಲ್ಲರಿಗೂ ಬಡಿಸಿದಳು. ತಾನು ಕೂರಲಿಲ್ಲ.

"ಆ ಹನ್ನೆರಡು ಬಟ್ಟಲನ್ನ ನಾನು ಓವನ್ನಲ್ಲಿ ಇಟ್ಟಿದ್ದೆ."

ಮಗಳು ಚಮಚ ಕೆಳಗಿಟ್ಟಳು. "ಯಾವ ಹನ್ನೆರಡು?"

"ಇನ್ಯಾವುದು? ಸೆಟೆದು ನಿಂತವು. ತೊಳೆದಿದ್ದೆ, ಬಿಸಿಲಿರಲಿಲ್ಲ. ಬನ್ನಿನ ಬಟ್ಟಲಿನ ಮೇಲೆ ಬೋರಲು ಹಾಕಿ ಇಟ್ಟೆ, ಮರೆತೆ. ಕಾಳಿನ ಜೊತೆಗೇ ಇದ್ದವು, ಮೂರು ಗಂಟೆ ಮೇಲೆಯೇ ಆಗಿತ್ತು. ತೆಗೆದಾಗಲೇ ಬಿಳಿಯಾಗಿದ್ದವು. ಹಾಳಾದವು ಅಂತ ತಳದಲ್ಲಿ ಮುಚ್ಚಿಟ್ಟೆ."

"ಎಂಬತ್ತು ಡಿಗ್ರೀಲಿ ಮೂರು ಗಂಟೆ" ಎಂದಳು ಮಗಳು ನಿಧಾನವಾಗಿ. "ಅಚ್ಚಲ್ಲಿ ಥಟ್ಟನೆ ತಣ್ಣಗಾದ್ರೆ ಒಳಗಿನ ಕಣಗಳು ಸಾಲಾಗಿ ಕೂರೋಕೆ ಸಮಯ ಇರಲ್ಲ. ಆಮೇಲೆ ಹದವಾಗಿ ಕಾಯಿಸಿದ್ರೆ ಗಟ್ಟಿಯಾಗುತ್ತೆ. ಪುಸ್ತಕದಲ್ಲಿದೆ ಇದು! ನಾನೇ ಓದಿದ್ದೀನಿ! ಆದ್ರೆ ಕಾಯಿಸುವಾಗ ಸೊಟ್ಟಗಾಗುತ್ತೆ ಅಂತ..."

"ತಗಡು ಒಳಗಿತ್ತಲ್ಲ, ಹೇಗೆ ಸೊಟ್ಟಗಾಗುತ್ತೆ?" ಎಂದ ಅಪ್ಪ. "ಅಳತೆ ಅದರದ್ದೇ."

ಮಗಳು ಎದ್ದು ನಿಂತಿದ್ದಳು. ನಗಬೇಕೋ ಕೂಗಬೇಕೋ ತಿಳಿಯದೆ ಕೂಗಿಯೇಬಿಟ್ಟಳು. "ಎರಡು ವಾರ ಅಮ್ಮಾ! ಎರಡು ವಾರ ನಾವು ಇಲ್ಲಿ ತಲೆ ಚಚ್ಕೊಳ್ತಾ ಇದ್ವಿ. ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?"

ಅಮ್ಮನ ದನಿ ಏರಲಿಲ್ಲ.

"ಮಷೀನನ್ನ ಕೇಳಿದ್ರಿ. ಕಾಳಿನ ಚೀಲಾನ ಕೇಳಿದ್ರಿ. ಫೋನಲ್ಲಿ ಊರೋರನ್ನೆಲ್ಲ ಕೇಳಿದ್ರಿ. ಬಟ್ಟಲು ತೊಳೆದೋಳು ನಾನು, ಜೋಡಿಸಿದೋಳು ನಾನು, ಕಾಳು ಒಣಗಿಸಿದೋಳು ನಾನು. ಇಲ್ಲೇ ಮೂರು ಅಡಿ ದೂರದಲ್ಲಿ ನಿಂತಿದ್ದೆ. ನೀನೇನು ಮಾಡಿದೆ ಅಂತ ಒಬ್ಬರಾದ್ರೂ ನನ್ನ ಕೇಳಿದ್ರಾ? ಕೇಳಿದ್ದಿದ್ರೆ ಬೈಸ್ಕೊಂಡಾದ್ರೂ ಹೇಳ್ತಿದ್ದೆ."

ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಅವತ್ತು ಇವಳು ನಿಮ್ಮನ್ನ ಅಂದಾಗ ನಾನು ಬಾಯಿಬಿಡಬೇಕಿತ್ತು. ತಪ್ಪಾಯ್ತು."

"ಬಿಟ್ಟಿದ್ರೆ ನಿನಗೂ ಬೀಳ್ತಿತ್ತು. ಒಬ್ಬರಿಗೆ ಸಾಲದೇನಮ್ಮಾ?" ಎಂದಳು ಅಜ್ಜಿ. "ಮೊದಲು ಕೂತು ಉಣ್ಣು. ಇದಕ್ಕೂ ಉಪ್ಪಿಲ್ಲ."

ಮಗಳು ಅಜ್ಜಿಯ ಪಕ್ಕ ಕುಳಿತಳು. ಕ್ಷಮಿಸು ಎನ್ನುವ ಪದ ಆ ಮನೆಯಲ್ಲಿ ಹೆಚ್ಚು ಬಳಕೆಯಲ್ಲಿರಲಿಲ್ಲ. ಅವಳು ಅಜ್ಜಿಯ ತಟ್ಟೆಗೆ ಉಪ್ಪು ಹಾಕಿ ಕೇಳಿದಳು, "ಅಜ್ಜಿ, ಮುಂದಿನದ್ದನ್ನ ನೀನೇ ಕುದಿಸ್ತೀಯಾ? ಇಪ್ಪತ್ತು ನಿಮಿಷ. ನಿನ್ನ ಕೈಯಲ್ಲೇ ಪಾಸಾಗ್ಲಿ."

ಅಜ್ಜಿ ಸೆರಗಿನಡಿಯ ಕೈಗಳನ್ನು ಹೊರತೆಗೆದಳು. "ಕೈ ನಡುಗುತ್ತೆ. ಗಡಿಯಾರ ನಡುಗಲ್ಲ. ಕುದಿಸ್ತೀನಿ."

ಆರು ದಿನ ಮನೆ ಶೆಡ್ಡಾಯಿತು, ಶೆಡ್ಡು ಮನೆಯಾಯಿತು. ಹನ್ನೆರಡು ತಗಡು ಸಾಲದೆ ಅಪ್ಪ ಅಲ್ಯೂಮಿನಿಯಮ್ಮಿನಲ್ಲಿ ಇನ್ನೂ ಇಪ್ಪತ್ತೆಂಟು ಕಡೆದ, ಮೂತಿ ಮುದುಡದಂತೆ ಒಂದೊಂದಕ್ಕೂ ಸಣ್ಣ ಕಡ್ಡಿ ಕೂರಿಸಿದ. ಮೊದಲ ದಿನ ಮಗಳು ಗಡಿಯಾರ ನೋಡಿ ಬಟ್ಟಲು ತೆಗೆಯಹೋದಾಗ ಅಮ್ಮ ತಡೆದಳು. "ಎಡಗಡೆ ಸಾಲಿನದ್ದು ಇನ್ನೂ ತಿಳಿಯಾಗಿದೆ ನೋಡು. ಈ ಓವನ್ನಿಗೆ ಎಡಗಡೆ ಬಿಸಿ ಕಡಿಮೆ. ತಟ್ಟೆ ತಿರುಗಿಸಿ ಇಡ್ಬೇಕು, ಬನ್ನಿಗೂ ಹಾಗೇ ಮಾಡೋದು." ಚೀಟಿಯಲ್ಲಿ ಬಾಗಿಲು ತೆಗೆಯಬಾರದು ಎಂದಿತ್ತು. ಅಮ್ಮ ತೆಗೆದಳು, ತಟ್ಟೆ ತಿರುಗಿಸಿದಳು, ಮುಚ್ಚಿದಳು. ಮಗಳು ಚೀಟಿಯ ಕಡೆ ನೋಡಲೂ ಇಲ್ಲ.

ಐದನೆಯ ದಿನ ಅಜ್ಜಿ ಪೆಟ್ಟಿಗೆಯಿಂದ ಹಳೆಯ ಗಡಿಯಾರ ತೆಗೆದು ಸೀರೆಗೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತಳು. ಇನ್ನೂರರಿಂದ ತಾನೇ ಆರಿಸಿದ ಹತ್ತು ಬಟ್ಟಲು ಪಾತ್ರೆಯಲ್ಲಿ ಕುದಿಯುತ್ತಿದ್ದವು. ಮುಚ್ಚಳ ಎತ್ತಲು ಯಾರಿಗೂ ಬಿಡಲಿಲ್ಲ. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ. ಇಪ್ಪತ್ತು ನಿಮಿಷಕ್ಕೆ ಅಜ್ಜಿ ಚಿಮಟದಲ್ಲಿ ಒಂದೊಂದೇ ಎತ್ತಿದಳು. ತಿರುಗಿಸಿ ನೋಡಿದಳು, ಉಗುರಿನಲ್ಲಿ ತಟ್ಟಿ ಕೇಳಿದಳು. ಹತ್ತನೆಯದನ್ನು ಕೆಳಗಿಟ್ಟು ಹೇಳಿದಳು:

"ಸರಿ. ಒಳಗೆ ಹೋಗಲಿ."

ಅಪ್ಪ ಮೂಗು ಒರೆಸಿಕೊಂಡು ಶೆಡ್ಡಿಗೆ ಹೋಗಿಬಿಟ್ಟ.

ಆಸ್ಪತ್ರೆಯ ಉಗ್ರಾಣದ ಅಧಿಕಾರಿ ತಣ್ಣೀರು ತುಂಬಿ, ಸೋರುವುದಿಲ್ಲವೆಂದು ಬರೆದುಕೊಂಡು, ಪೆನ್ನು ಮುಚ್ಚಿದರು. ಮಗಳು ಚೀಲದಿಂದ ಫ್ಲಾಸ್ಕು ತೆಗೆದಳು.

"ಇದನ್ನೂ ಹುಯ್ದು ನೋಡಿ ಸಾರ್. ಈಗಷ್ಟೇ ಕುದಿದಿದ್ದು."

"ನಮ್ಮ ಪಟ್ಟೀಲಿ ಅದಿಲ್ಲಮ್ಮ."

"ಸೇರಿಸ್ಕೊಳ್ಳಿ. ನಾಳೆ ಬೇರೆಯವರು ತಂದಾಗಲೂ ಹುಯ್ದು ನೋಡಿ."

ಅವರು ಹುಯ್ದರು, ಬಟ್ಟಲನ್ನು ಬೆರಳುಗಳಲ್ಲಿ ಅದುಮಿದರು, ಇನ್ನೊಂದು ತರಿಸಿ ಅದಕ್ಕೂ ಹುಯ್ದರು. ಹತ್ತು ದಿನಕ್ಕೆ ಕಾಗದ ಬಂತು. ಸದ್ಯಕ್ಕೆ ಒಂದು ವರ್ಷದ ಆರ್ಡರು. ಗುಜರಿಯವನು ಸುದ್ದಿ ಕೇಳಿ ತಾನೇ ಬಂದು, ಮುಚ್ಚಿಹೋದ ಬೇಕರಿಯೊಂದರ ದೊಡ್ಡ ಓವನ್ನು ತನ್ನ ಹತ್ತಿರ ಬಿದ್ದಿದೆ, ಬೇಕೇ ಎಂದು ಕೇಳಿದ. ಅಪ್ಪ ಮಷೀನಿನ ಮೇಲಿನ ಸೀಮೆಸುಣ್ಣವನ್ನು ಅವನ ಎದುರಿಗೇ 'ಉಫ್' ಎಂದು ಊದಿದ. ಹೋಗಲಿಲ್ಲ. ಬಟ್ಟೆಯಲ್ಲಿ ಒರೆಸಬೇಕಾಯಿತು.

ದೊಡ್ಡ ಓವನ್ನು ಶೆಡ್ಡಿಗೆ ಬಂದ ದಿನ ಅಡುಗೆಮನೆಯ ಓವನ್ನು ಅಮ್ಮನ ಪಾಲಿಗೆ ಮರಳಿತು. ಒಂದೂವರೆ ತಿಂಗಳ ಮೇಲೆ ಬೀದಿಗೆ ಬ್ರೆಡ್ಡಿನ ವಾಸನೆ ಹೋಯಿತು. ಟೀ ಅಂಗಡಿಯವನು ವಾಸನೆ ಹಿಡಿದೇ ಬಂದ. ಅಜ್ಜಿ ತನ್ನ ಸ್ಟೂಲಿನಲ್ಲಿ ಕೂತು ಹಾಲುಬಣ್ಣದ ಮೂತಿ ಬಟ್ಟಲಿಗೆ ತಾನೇ ಟೀ ಬಗ್ಗಿಸಿಕೊಂಡಳು. "ರೋಗಿ ಅಂತಲ್ಲ, ಸೋರುತ್ತಾ ನೋಡೋಣ ಅಂತ" ಎಂದು ಯಾರೂ ಕೇಳದೆಯೇ ಹೇಳಿದಳು. ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ.

ಮಗಳು ಹಳೆಯ ಚೀಟಿಯನ್ನು ಓವನ್ನಿನ ಬಾಗಿಲಿನಿಂದ ಉಗುರಿನಲ್ಲಿ ಕೆರೆದು ತೆಗೆದಳು. ಅಂಟಿನ ಗುರುತು ಉಳಿಯಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿರುವಾಗ ಶೆಡ್ಡಿನಿಂದ ಅಪ್ಪನ ದನಿ ಕೇಳಿತು.

ದೊಡ್ಡ ಓವನ್ನಿನ ಬಾಗಿಲಿಗೆ ಹೊಸ ಚೀಟಿ ಬಿದ್ದಿತ್ತು. ಅಮ್ಮನ ದುಂಡನೆಯ ಅಕ್ಷರ: "ಬಾಗಿಲು ತೆಗೆಯುವ ಮುಂಚೆ ನನ್ನನ್ನು ಕೇಳಬೇಕು."

"ಏನೇ ಇದು?" ಎಂದು ಅಪ್ಪ ಅಲ್ಲಿಂದಲೇ ಕೂಗಿದ. "ಎಷ್ಟು ಡಿಗ್ರಿ, ಎಷ್ಟು ಗಂಟೆ, ಒಂದೂ ಬರೆದಿಲ್ಲವಲ್ಲ?"

ಅಮ್ಮ ಬಿಸಿ ಬ್ರೆಡ್ಡನ್ನು ತಗಡಿನಿಂದ ಕಳಚಿ ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅದನ್ನೂ ಕೇಳಬೇಕು."